ಮನೆಯಲ್ಲೇ ಡ್ರೋನ್ ಆಲ್ಬಮ್: ಹಾರ್ಮೋನಿಯಂ, ಹಳೇ ಕ್ಯಾಸೆಟ್, 9 ವೋಲ್ಟಿನ ಬ್ಯಾಟರಿ

‘ಕತ್ತಲೆ ಕವಿದಂಥ, ಕೇಳುತ್ತ ಕೂತರೆ ಮಂಪರು ಹಿಡಿಸುವಂಥ ಡ್ರೋನ್ ಆಲ್ಬಮ್ ಮಾಡಬೇಕು. ಯಾವ ಸಿಂಥ್ (ಕರೆಂಟಿನಿಂದ ಸ್ವರ ಹುಟ್ಟಿಸುವ ವಾದ್ಯ) ಕೊಳ್ಳಲಿ?’ ಮಂಗಳೂರು, ಉಡುಪಿ, ಮಣಿಪಾಲ ಕಡೆಯ ಓದುಗರು ಇದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ನನ್ನ ಉತ್ತರ ಚಿಕ್ಕದು: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಬೇಕಾದ ಮುಕ್ಕಾಲು ಪಾಲು ಸಾಮಾನು ನಿಮ್ಮ ಅಟ್ಟದಲ್ಲಿದೆ, ಉಳಿದದ್ದು ಗುಜರಿ ಅಂಗಡಿಯಲ್ಲಿದೆ.

ಹಾರುವ ಡ್ರೋನಿಗೂ ಇದಕ್ಕೂ ಸಂಬಂಧ ಇಲ್ಲ. ಒಂದೇ ಸ್ವರವನ್ನೋ, ಎರಡು ಮೂರು ಸ್ವರಗಳನ್ನೋ ಬಿಡದೆ ಹಿಡಿದು ನಿಲ್ಲಿಸುವ ಸಂಗೀತ ಇದು. ತಾಳ ಇಲ್ಲ, ಪದ್ಯ ಇಲ್ಲ, ರಾಗದ ಓಡಾಟ ಇಲ್ಲ. ಭಾಗವತರನ್ನೂ ಚೆಂಡೆ ಮದ್ದಳೆಯವರನ್ನೂ ಮನೆಗೆ ಕಳಿಸಿ, ಶ್ರುತಿ ಹಿಡಿಯುವವರನ್ನು ಮಾತ್ರ ರಂಗಸ್ಥಳದಲ್ಲಿ ಕೂರಿಸಿದ ಹಾಗೆ. ಅನಲಾಗ್ ಎಂದರೆ ಸದ್ದನ್ನು ಕಂಪ್ಯೂಟರಿನ ಅಂಕಿಗಳಾಗಿ ಮಾಡದೆ, ಕರೆಂಟಿನ ಏರಿಳಿತವಾಗಿಯೇ ಹುಟ್ಟಿಸಿ ಟೇಪಿನ ಮೇಲೆ ಹಿಡಿಯುವುದು.

ಹಿನ್ನೆಲೆ ಎರಡೇ ಮಾತಿನಲ್ಲಿ. 1960ರ ದಶಕದಲ್ಲಿ ನ್ಯೂಯಾರ್ಕಿನ ಲಾ ಮಾಂಟ್ ಯಂಗ್ ಮತ್ತು ಸಂಗಡಿಗರು ಗಂಟೆಗಟ್ಟಲೆ ಒಂದೇ ಸ್ವರ ಹಿಡಿದು ನುಡಿಸುತ್ತಿದ್ದರು. ಮುಂದೆ ಯಂಗ್ ಕಿರಾನಾ ಘರಾನೆಯ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಫ್ರಾನ್ಸಿನ ಎಲಿಯಾನ್ ರಾಡಿಗ್ 1970ರ ದಶಕದಲ್ಲಿ ಎಆರ್‌ಪಿ 2500 ಎಂಬ ದೊಡ್ಡ ಸಿಂಥ್ ಕೊಂಡು, ಅದರ ಕೀಬೋರ್ಡನ್ನೇ ಬಿಟ್ಟುಬಂದರು. ಬರೀ ಗುಂಡಿ ತಿರುಗಿಸಿ, ಟೇಪಿಗೆ ಹಿಡಿದು ಕೃತಿ ಕಟ್ಟಿದರು. ನಮ್ಮ ದೇಶದಲ್ಲೂ ಇದು ನಿನ್ನೆ ಮೊನ್ನೆಯದಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲೇ ಮೂಗ್ ಸಿಂಥ್ ಬಂದಿತ್ತು.

ಇನ್ನು ‘ಕತ್ತಲೆ’ಯ ವಿಷಯ. ಹೆಚ್ಚಿನವರು ತಪ್ಪುವುದು ಇಲ್ಲೇ. ಕಿರುಚಾಟ, ಗಂಟೆ, ನಾಯಿ ಊಳಿಡುವುದು ಎಲ್ಲ ಸೇರಿಸಿದರೆ ಅದು ರಾತ್ರಿ ಒಂಬತ್ತರ ದೆವ್ವದ ಸೀರಿಯಲ್ಲಿನ ಹಿನ್ನೆಲೆ ಆಗುತ್ತದೆ ಅಷ್ಟೇ. ಕತ್ತಲೆ ಬರುವುದು ಎರಡರಿಂದ. ಸದ್ದಿನ ಮೇಲಿನ ಚೂಪು ಭಾಗ ಸವೆದು ಹೋಗಬೇಕು. ಬದಲಾವಣೆ ಕಿವಿಗೆ ಸಿಗದಷ್ಟು ನಿಧಾನ ಇರಬೇಕು. ಮೊದಲಿನದನ್ನು ಟೇಪ್ ತಾನೇ ಮಾಡಿಕೊಡುತ್ತದೆ. ಎರಡನೆಯದನ್ನು ನೀವು ಕಲಿಯಬೇಕು.

ಏನೆಲ್ಲ ಬೇಕು?

ಹಾರ್ಮೋನಿಯಂ ಅಥವಾ ಶ್ರುತಿ ಪೆಟ್ಟಿಗೆ. ರೆಕಾರ್ಡ್ ಮಾಡಬಲ್ಲ ಒಂದು ಕ್ಯಾಸೆಟ್ ಡೆಕ್ಕು, ಇನ್ನೊಂದು ವಾಕ್‌ಮನ್ ಇದ್ದರೆ ಒಳ್ಳೆಯದು. ಮೀಡಿಯಂ ವೇವ್ ಇರುವ ಹಳೇ ರೇಡಿಯೊ. ಸದ್ದು ಬೆರೆಸುವ, ನಾಲ್ಕು ಚಾನೆಲಿನ ಸಣ್ಣ ಮಿಕ್ಸರ್. 27 ಮಿಲಿಮೀಟರಿನ ಪೀಜೊ ಬಿಲ್ಲೆ ಒಂದೆರಡು. 40106 ಎಂಬ ಐಸಿ (ಚಿಪ್) ಎರಡು, ಒಂದಿಷ್ಟು ರೆಸಿಸ್ಟರ್, ಕೆಪಾಸಿಟರ್. ಬೆಸುಗೆ ಹಾಕುವ ಕಡ್ಡಿ. ಕೊನೆಗೆ ಎಲ್ಲವನ್ನೂ ಹಿಡಿಯಲು ಲ್ಯಾಪ್‌ಟಾಪ್, ಆಡಿಯೊ ಇಂಟರ್‌ಫೇಸ್, ಅಥವಾ ಕೈಯಲ್ಲಿ ಹಿಡಿಯುವ ರೆಕಾರ್ಡರ್. ‘ಹಾಗಾದರೆ ಅದು ಡಿಜಿಟಲ್ ಆಯಿತಲ್ವಾ?’ ಎನ್ನುವವರಿಗೆ: ಆಯಿತು, ಆಗಲಿ. ಸದ್ದು ಹುಟ್ಟುವುದು, ಬೆರೆಯುವುದು ಅನಲಾಗ್‌ನಲ್ಲಿದ್ದರೆ ಸಾಕು.

ಬಿಡಿಭಾಗಗಳಿಗೆ ಮಂಗಳೂರಿನ ಹಂಪನಕಟ್ಟೆ ಸುತ್ತಮುತ್ತಲಿನ ರೇಡಿಯೊ ಟಿವಿ ರಿಪೇರಿಯವರನ್ನು ಕೇಳಿ. ಐಸಿ ಸಿಗದಿದ್ದರೆ ಆನ್‌ಲೈನ್, ಇಲ್ಲವೇ ಬೆಂಗಳೂರಿನ ಎಸ್‌ಪಿ ರೋಡ್. ಮಿಕ್ಸರ್ ಕೊಳ್ಳುವ ಮೊದಲು ನಿಮ್ಮೂರಿನ ಮೈಕ್‌ಸೆಟ್‌ನವರ ಹತ್ತಿರ ಮಾತಾಡಿ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದ ಮೇಲೆ ಯಕ್ಷಗಾನ ಮೇಳ ಇಲ್ಲ, ದೈವದ ಕೋಲ ಇಲ್ಲ, ಅವರ ಸಾಮಾನೆಲ್ಲ ಶೆಡ್ಡಿನಲ್ಲಿ ಸುಮ್ನೆ ಕೂತಿರುತ್ತದೆ. ಸಣ್ಣ ಮಿಕ್ಸರನ್ನು ವಾರದ ಬಾಡಿಗೆಗೆ ಕೊಡಲು ತಕರಾರು ಮಾಡುವವರು ಕಡಿಮೆ.

ಒಂದು ಎಚ್ಚರಿಕೆ ಈಗಲೇ. ಮಳೆಗಾಲ ಟೇಪಿನ ಶತ್ರು. ಹೊರಗಿನ ಸದ್ದು ಹಿಡಿಯುವುದು, ಮಿಕ್ಸಿಂಗ್ ಇವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ. ಟೇಪ್ ಕತ್ತರಿಸುವ, ಅಂಟಿಸುವ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಮಾಡಿ.

ಹಂತ 1: ಕರೆಂಟಿಗೆ ಶ್ರುತಿ ಮಾಡಿಕೊಳ್ಳಿ

ಅನಲಾಗ್ ಸಾಮಾನು ಎಂದ ಮೇಲೆ ‘ಗುಂಯ್’ ಅನ್ನುವ ಕರೆಂಟಿನ ಸದ್ದು ನುಸುಳಿಯೇ ನುಸುಳುತ್ತದೆ. ಇದಕ್ಕೆ ಹಮ್ ಅನ್ನುತ್ತಾರೆ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಮಿಡಿಯುತ್ತದೆ. ಹಾಗಾಗಿ ಹಮ್ 50 ಹರ್ಟ್ಜ್‌ನಲ್ಲೂ ಅದರ ದುಪ್ಪಟ್ಟು 100 ಹರ್ಟ್ಜ್‌ನಲ್ಲೂ ಕೇಳುತ್ತದೆ. ಅದನ್ನು ಪೂರ್ತಿ ಓಡಿಸುವುದು ಕಷ್ಟ. ಬದಲು ಅದನ್ನೇ ಷಡ್ಜ ಮಾಡಿಕೊಳ್ಳಿ. ನ್ಯೂಯಾರ್ಕಿನಲ್ಲಿ ಯಂಗ್ ಅವರ ತಂಡವೂ ಅಲ್ಲಿನ ಕರೆಂಟಿನ 60 ಹರ್ಟ್ಜ್‌ಗೆ ಶ್ರುತಿ ಮಾಡಿಕೊಂಡಿತ್ತು.

ಹಾರ್ಮೋನಿಯಂನಲ್ಲಿ ಇದಕ್ಕೆ ಹತ್ತಿರದ ಮನೆ ಬಿಳಿ 5 (ಪಾಶ್ಚಾತ್ಯರ ‘ಜಿ’). ಅದರ ಕೆಳಗಿನ ಸ್ವರ 98 ಹರ್ಟ್ಜ್. ಹಮ್ಮಿನ 100ಕ್ಕೂ ಇದಕ್ಕೂ ಎರಡೇ ಹರ್ಟ್ಜ್ ವ್ಯತ್ಯಾಸ. ಎರಡೂ ಒಟ್ಟಿಗೆ ಕೇಳಿದರೆ ಸೆಕೆಂಡಿಗೆ ಎರಡು ಸಲ ಸದ್ದು ಉಬ್ಬಿ ತಗ್ಗುತ್ತದೆ. ಈ ಉಬ್ಬುತಗ್ಗಿಗೆ ಬೀಟ್ ಎಂದು ಹೆಸರು. ತಾಳದ ಬೀಟ್ ಅಲ್ಲ. ತಂಬೂರಿ ಶ್ರುತಿ ಮಾಡುವಾಗ ಎರಡು ತಂತಿ ಇನ್ನೇನು ಕೂಡಬೇಕು ಎನ್ನುವಾಗ ಕೇಳುವ ಅಲೆ ಇದೆಯಲ್ಲ, ಅದೇ.

ಈ ಎರಡು ಹರ್ಟ್ಜ್ ಮುಚ್ಚುವುದು ಹೇಗೆ? ಹಾರ್ಮೋನಿಯಂ ರೀಡ್ ಮುಟ್ಟಬೇಡಿ. ಅದನ್ನು ಕ್ಯಾಸೆಟ್ಟಿಗೆ ಹಿಡಿದು, ಆಮೇಲೆ ಪ್ಲೇಯರಿನ ವೇಗವನ್ನು ನೂರಕ್ಕೆ ಎರಡರಷ್ಟು ಏರಿಸಿ. ಹಲವು ಕ್ಯಾಸೆಟ್ ಪ್ಲೇಯರುಗಳ ಮೋಟಾರಿನ ಹಿಂಬದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗೆ ತಿರುಪು. ವಾಚ್ ರಿಪೇರಿಯ ಸಣ್ಣ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸಿದರೂ ಶ್ರುತಿ ಸರಿಯುತ್ತದೆ. ಇದನ್ನು ಬ್ಯಾಟರಿಯಲ್ಲಿ ಓಡುವ ಪ್ಲೇಯರಿನಲ್ಲಿ ಮಾತ್ರ ಮಾಡಿ. ಕರೆಂಟಿಗೆ ಹಾಕಿದ ಡೆಕ್ಕನ್ನು ಬಿಚ್ಚಿ ಕೈ ಹಾಕುವುದು ಬೇಡವೇ ಬೇಡ.

ಇನ್ನೊಂದು ಸ್ವಾರಸ್ಯ. ಕರೆಂಟು ಸದಾ 50ರಲ್ಲಿ ನಿಲ್ಲುವುದಿಲ್ಲ. 49.90ರಿಂದ 50.05ರ ಒಳಗೆ ಇಡಬೇಕು ಎಂಬುದು ನಮ್ಮ ಗ್ರಿಡ್ಡಿನ ನಿಯಮ. ಅಂದರೆ ನೀವು ಎಷ್ಟೇ ಕರಾರುವಾಕ್ಕಾಗಿ ಶ್ರುತಿ ಮಾಡಿದರೂ ಹಮ್ ಒಂಚೂರು ಅತ್ತಿತ್ತ ಸರಿಯುತ್ತಲೇ ಇರುತ್ತದೆ. ಆಗ ಬೀಟ್ ನಿಧಾನವಾಗಿ ಬಂದು ಹೋಗುತ್ತದೆ. ಬರಲಿ ಬಿಡಿ. ನಮಗೆ ಬೇಕಾದ್ದೇ ಅದು.

ಹಂತ 2: ಸದ್ದು ಕೂಡಿಹಾಕಿ

ಹಾರ್ಮೋನಿಯಂನಿಂದ ಶುರು ಮಾಡಿ. ಷಡ್ಜ, ಪಂಚಮ, ಮೇಲಿನ ಷಡ್ಜ. ಇಷ್ಟೇ. ಮಧ್ಯಮ ಸೇರಿಸಬಹುದು, ಗಾಂಧಾರ ಬೇಡ. ಗಾಂಧಾರ ಬಂದ ಕೂಡಲೇ ಕಿವಿ ‘ಇದು ಯಾವ ರಾಗ?’ ಎಂದು ಹುಡುಕಲು ಹೊರಡುತ್ತದೆ. ತಿದಿಯನ್ನು ಒಂದೇ ಸಮ ಒತ್ತಿ. ಮೈಕನ್ನು ರೀಡಿನ ಎದುರು ಇಡಬೇಡಿ, ಪೆಟ್ಟಿಗೆಯ ಮರದ ಹತ್ತಿರ ಇಡಿ. ತಿದಿಯ ಉಸಿರು ಒಂಚೂರು ಸೇರಿದರೆ ಚೆನ್ನ.

ರಾತ್ರಿ ಹತ್ತರ ಮೇಲೆ ಮೀಡಿಯಂ ವೇವ್ ಹಚ್ಚಿ, ಎರಡು ಸ್ಟೇಷನ್‌ಗಳ ನಡುವೆ ಮುಳ್ಳನ್ನು ನಿಲ್ಲಿಸಿ. ರಾತ್ರಿ ದೂರದೂರದ ಸ್ಟೇಷನ್‌ಗಳು ಬಂದು ಒಂದರ ಮೇಲೊಂದು ಬೀಳುತ್ತವೆ. ಸಣ್ಣ ಸೀಟಿ, ಸಮುದ್ರದಂಥ ಮೊರೆತ, ಅಡಿಯಲ್ಲಿ ಯಾರದೋ ಮಾತು. ಮಾತು ಅರ್ಥವಾಗುವಂತಿದ್ದರೆ ಮುಳ್ಳು ಸರಿಸಿ. ಅರ್ಥ ಆಗುವ ಮಾತು ಡ್ರೋನನ್ನು ಕೊಲ್ಲುತ್ತದೆ. ರೇಡಿಯೊವನ್ನು ಎಲ್‌ಇಡಿ ಬಲ್ಬಿನ ಹತ್ತಿರ ಒಯ್ದರೆ ಗರಗಸದಂಥ ಸದ್ದು ಬರುತ್ತದೆ. ಅದನ್ನೂ ಹಿಡಿದಿಡಿ, ಎಲ್ಲಾದರೂ ಉಪಯೋಗಕ್ಕೆ ಬರುತ್ತದೆ.

ಪೀಜೊ ಬಿಲ್ಲೆ ಅಂದರೆ ಹಾಡುವ ಗ್ರೀಟಿಂಗ್ ಕಾರ್ಡಿನೊಳಗೆ ಇರುತ್ತಿದ್ದ ಹಿತ್ತಾಳೆಯ ತೆಳು ತಟ್ಟೆ. ಗಾಳಿಯಲ್ಲಿನ ಸದ್ದು ಇದಕ್ಕೆ ಕೇಳುವುದಿಲ್ಲ. ಅಂಟಿಸಿದ ವಸ್ತುವಿನ ನಡುಕ ಮಾತ್ರ ಕೇಳುತ್ತದೆ. ಎರಡು ವಯರು ಬೆಸೆಯಿರಿ: ಒಂದು ಅಂಚಿನ ಹಿತ್ತಾಳೆಗೆ, ಇನ್ನೊಂದು ನಡುವಿನ ಬಿಳಿ ಭಾಗಕ್ಕೆ. ಬಿಳಿ ಭಾಗದ ಮೇಲೆ ಕಾದ ಕಡ್ಡಿಯನ್ನು ಒಂದೆರಡು ಸೆಕೆಂಡಿಗಿಂತ ಜಾಸ್ತಿ ಇಡಬೇಡಿ, ಸುಟ್ಟು ಹೋಗುತ್ತದೆ. ನಮ್ಮ ಊರಿನ ತೇವಕ್ಕೆ ಬೆಸುಗೆಯ ಮೇಲೆ ಉಗುರು ಬಣ್ಣ ಬಳಿದರೆ ಬಾಳಿಕೆ ಬರುತ್ತದೆ.

ಇದರಲ್ಲಿ ಎಲ್ಲರಿಗೂ ಬರುವ ದೂರು ಒಂದೇ: ‘ಸದ್ದು ತಗಡಿನ ಹಾಗೆ ಕೇಳುತ್ತದೆ, ಬೇಸ್ ಇಲ್ಲ.’ ಬಿಲ್ಲೆಯ ತಪ್ಪಲ್ಲ. ಅದನ್ನು ಮಾಮೂಲಿ ಮೈಕಿನ ಜಾಗಕ್ಕೆ ಚುಚ್ಚಿದ್ದೀರಿ. ಗಿಟಾರಿಗೆಂದು ಇರುವ ಜಾಗಕ್ಕೆ, ಅಂದರೆ 1 ಮೆಗಾಓಮ್ ಅಥವಾ ಅದಕ್ಕಿಂತ ಹೆಚ್ಚು ತಡೆ ಇರುವ ಇನ್‌ಪುಟ್ಟಿಗೆ ಚುಚ್ಚಿ. ಬೇಸ್ ತಾನಾಗಿ ಬರುತ್ತದೆ.

ಎಲ್ಲಿ ಅಂಟಿಸುವುದು? ಆಷಾಢದ ಗಾಳಿಗೆ ನಡುಗುವ ಬಾಲ್ಕನಿಯ ಕಬ್ಬಿಣದ ಗ್ರಿಲ್. ಬಾವಿಯ ಪಂಪಿನ ಪೈಪು. ತಗಡಿನ ಮಾಡು. ಹಂಚಿನ ಮಾಡಿಗೆ ಹೋಲಿಸಿದರೆ ತಗಡು ಚೆನ್ನಾಗಿ ನಡುಗುತ್ತದೆ, ಹಂಚು ಮಳೆಯ ಸದ್ದನ್ನು ನುಂಗಿಬಿಡುತ್ತದೆ. ಮಲ್ಪೆಯಲ್ಲೋ ಬಂದರಿನಲ್ಲೋ ಐಸ್ ಪ್ಲಾಂಟ್ ನಡೆಸುವವರ ಪರಿಚಯ ಇದ್ದರೆ ಕೇಳಿ ನೋಡಿ, ಕಂಪ್ರೆಸರ್ ಇರುವ ಕೋಣೆಯ ಹೊರಗೋಡೆಯೇ ಒಂದು ವಾದ್ಯ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಹೋಗುವ ದೋಣಿಯ ಇಂಜಿನ್ ಸದ್ದೂ ಚೆನ್ನ. ದೋಣಿಯವರ ಒಪ್ಪಿಗೆ ಕೇಳಿ. ನವ ಮಂಗಳೂರು ಬಂದರು, ವಿಮಾನ ನಿಲ್ದಾಣ, ರೈಲ್ವೆ ಸೇತುವೆ ಇಂಥ ಕಡೆ ವಯರು, ಪೆಟ್ಟಿಗೆ ಹಿಡಿದು ಸುತ್ತಬೇಡಿ. ‘ಕಲೆಗಾಗಿ ಮಾರಾಯ್ರೆ’ ಎಂದರೆ ಭದ್ರತೆಯವರು ಕೇಳುವುದಿಲ್ಲ.

ಕೋಲದ ಸದ್ದಿನ ಬಗ್ಗೆ ತುಂಬ ಜನ ಕೇಳುತ್ತಾರೆ. ನಾಗಸ್ವರ, ತಾಸೆ, ದೈವದ ನುಡಿ, ಕತ್ತಲೆಯ ಆಲ್ಬಮಿಗೆ ಹೇಳಿ ಮಾಡಿಸಿದಂತಿದೆಯಲ್ಲ ಎಂದು. ನನ್ನ ಅಭಿಪ್ರಾಯ: ಬೇಡ. ಅದು ನಂಬಿದವರ ಪಾಲಿಗೆ ಸೌಂಡ್ ಎಫೆಕ್ಟ್ ಅಲ್ಲ. ದೈವದ ಕಥೆ ಹಾಡುವ ಪಾಡ್ದನವನ್ನು ತುಂಡು ಮಾಡಿ ಲೂಪ್ ಹಾಕುವುದು ಇನ್ನೂ ಬೇಡ. ಕಂಪ್ರೆಸರಿನ ಗೋಡೆ ಇದೆಯಲ್ಲ, ಅದಕ್ಕೆ ಯಾರ ಬೇಸರವೂ ಇಲ್ಲ.

ಹಂತ 3: ಸದ್ದಿನ ಡಬ್ಬಿ ಕಟ್ಟಿ

ಸಿಂಥ್ ಇಲ್ಲದವರಿಗೆ ಇದೇ ಸಿಂಥ್. ಆಸಿಲೇಟರ್ ಎಂದರೆ ಬಿಡದೆ ಒಂದೇ ಸ್ವರ ಹೊರಡಿಸುವ ಸರ್ಕ್ಯೂಟ್. 40106 ಐಸಿ ಒಂದರಲ್ಲಿ ಇಂಥ ಆರು ಮಾಡಬಹುದು. 14 ಕಾಲು. 14ನೆಯದಕ್ಕೆ 9 ವೋಲ್ಟಿನ ಬ್ಯಾಟರಿಯ ಪ್ಲಸ್, 7ನೆಯದಕ್ಕೆ ಮೈನಸ್. ಈ ಎರಡರ ನಡುವೆ 100 ಮೈಕ್ರೊಫ್ಯಾರಡಿನ ಕೆಪಾಸಿಟರ್ ಹಾಕಿ, ಅದರ ಪ್ಲಸ್ ಮೈನಸ್ ನೋಡಿಕೊಂಡು.

ಮೊದಲ ಆಸಿಲೇಟರ್: 1ನೇ ಕಾಲಿನಿಂದ ಮೈನಸ್ಸಿಗೆ 0.1 ಮೈಕ್ರೊಫ್ಯಾರಡಿನ ಕೆಪಾಸಿಟರ್. 1 ಮತ್ತು 2ನೇ ಕಾಲುಗಳ ನಡುವೆ 47 ಕಿಲೊಓಮ್ ರೆಸಿಸ್ಟರ್ ಮತ್ತು 220 ಕಿಲೊಓಮ್ ವಾಲ್ಯೂಮ್ ಗುಂಡಿ, ಒಂದರ ಹಿಂದೊಂದು. ಗುಂಡಿ ತಿರುಗಿಸಿದರೆ ಸುಮಾರು 50ರಿಂದ 250 ಹರ್ಟ್ಜ್ ತನಕ ಸ್ವರ ಏರಿಳಿಯುತ್ತದೆ. ಐಸಿ ಮಾಡಿದ ಕಂಪನಿ ಬದಲಾದರೆ ಈ ಲೆಕ್ಕ ಒಂಚೂರು ಬದಲಾಗುತ್ತದೆ. ಸದ್ದು 2ನೇ ಕಾಲಿನಿಂದ ಹೊರಗೆ. ಉಳಿದ ಜೋಡಿಗಳು 3-4, 5-6, 9-8, 11-10, 13-12. ಬಳಸದ 3, 5, 9, 11, 13ನೇ ಕಾಲುಗಳನ್ನು ಹಾಗೇ ಬಿಡಬೇಡಿ, ಮೈನಸ್ಸಿಗೆ ಕಟ್ಟಿ. ಬಿಟ್ಟರೆ ಐಸಿ ಸುಮ್ಮಸುಮ್ಮನೆ ಚಿರಿಗುಟ್ಟುತ್ತದೆ, ಬ್ಯಾಟರಿಯೂ ಬೇಗ ಮುಗಿಯುತ್ತದೆ.

2ನೇ ಕಾಲಿನಿಂದ ಹೊರಡುವ ಸದ್ದು ಹೆಚ್ಚುಕಡಿಮೆ ಬ್ಯಾಟರಿಯಷ್ಟೇ ವೋಲ್ಟ್ ಇರುತ್ತದೆ. ನೇರ ಮಿಕ್ಸರಿಗೆ ಚುಚ್ಚಿದರೆ ಕಿವಿ ಹರಿಯುತ್ತದೆ. ಹಾಗಾಗಿ 100 ಕಿಲೊಓಮ್ ರೆಸಿಸ್ಟರ್ ದಾಟಿಸಿ, 10 ಕಿಲೊಓಮ್ ವಾಲ್ಯೂಮ್ ಗುಂಡಿಗೆ ಕೊಟ್ಟು, 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಮೂಲಕ ಹೊರಗೆ ತನ್ನಿ. ಮೊದಲ ಸಲ ಹಚ್ಚುವಾಗ ವಾಲ್ಯೂಮ್ ಸೊನ್ನೆಯಲ್ಲಿರಲಿ, ಹೆಡ್‌ಫೋನ್ ಕಿವಿಯಲ್ಲಿ ಬೇಡ.

ಸದ್ದು ಕೇಳಿದ ತಕ್ಷಣ ‘ಇದು ಸೊಳ್ಳೆ ಬ್ಯಾಟಿನ ಹಾಗಿದೆ’ ಅನ್ನಿಸುತ್ತದೆ. ಅದರ ಅಲೆ ಚೌಕಾಕಾರ, ಮೇಲಿನ ಚೂಪು ಜಾಸ್ತಿ. ಅದನ್ನು ಬೋಳಿಸಲು ಫಿಲ್ಟರ್ ಬೇಕು. ಮಿಕ್ಸರಿಗೆ ಹೋಗುವ ದಾರಿಯಲ್ಲಿ 10 ಕಿಲೊಓಮ್ ರೆಸಿಸ್ಟರ್, ಅದರ ಆಚೆ ತುದಿಯಿಂದ ಮೈನಸ್ಸಿಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್. ಸುಮಾರು 160 ಹರ್ಟ್ಜ್‌ನಿಂದ ಮೇಲಿನದ್ದೆಲ್ಲ ತಗ್ಗುತ್ತ ಹೋಗುತ್ತದೆ. ಸಾಲದಿದ್ದರೆ ಇದೇ ಜೋಡಿಯನ್ನು ಇನ್ನೊಮ್ಮೆ ಹಾಕಿ.

ಈಗ ಮುಖ್ಯ ಮಾತು. ಎರಡು ಆಸಿಲೇಟರ್‌ಗಳನ್ನು ಹತ್ತಿರ ಹತ್ತಿರದ ಸ್ವರಕ್ಕೆ ತಂದರೆ ಬೀಟ್ ಹುಟ್ಟುತ್ತದೆ. ಒಂದು 100, ಇನ್ನೊಂದು 100.5 ಇದ್ದರೆ ಎರಡು ಸೆಕೆಂಡಿಗೊಮ್ಮೆ ಸದ್ದು ಉಸಿರಾಡುತ್ತದೆ. ಆದರೆ ಎರಡೂ ಒಂದೇ ಐಸಿಯಲ್ಲಿದ್ದರೆ, ತೀರ ಹತ್ತಿರ ಬಂದಾಗ ಒಂದಕ್ಕೊಂದು ಅಂಟಿಕೊಂಡು ಒಂದೇ ಸ್ವರ ಆಗಿಬಿಡುತ್ತವೆ. ಉಸಿರು ನಿಂತೇ ಹೋಗುತ್ತದೆ. ಅದಕ್ಕೇ ಎರಡು ಐಸಿ ಕೇಳಿದ್ದು. ಬೇರೆ ಐಸಿ, ಬೇರೆ ಬ್ಯಾಟರಿ. ಆಗ ಗುಂಡಿಯನ್ನು ಬೆರಳ ತುದಿಯಿಂದ ಮೆಲ್ಲಗೆ ತಳ್ಳುತ್ತ ಬನ್ನಿ. ಗಡಗಡ ನಡುಗುತ್ತಿದ್ದ ಸದ್ದು ನಿಧಾನ ಆಗುತ್ತದೆ, ಇನ್ನೂ ನಿಧಾನ ಆಗುತ್ತದೆ, ನಾಲ್ಕೈದು ಸೆಕೆಂಡಿಗೊಮ್ಮೆ ಉಬ್ಬುವ ಹೊತ್ತಿಗೆ ಕೈ ತೆಗೆಯಿರಿ. ಪೂರ್ತಿ ಕೂಡಿಸಬೇಡಿ.

ಸೆಕೆಗೆ, ಫ್ಯಾನಿನ ಗಾಳಿಗೆ ಇವುಗಳ ಶ್ರುತಿ ಸರಿಯುತ್ತದೆ. ಸೆರಾಮಿಕ್ ಕೆಪಾಸಿಟರಿನ ಬದಲು ಪಾಲಿಯೆಸ್ಟರ್ ಹಾಕಿದರೆ ಸರಿಯುವುದು ಕಡಿಮೆ. ರೆಕಾರ್ಡಿಂಗ್‌ಗೆ ಮೊದಲು ಕಾಲು ಗಂಟೆ ಹಚ್ಚಿಟ್ಟು ಬಿಡಿ.

ಹಂತ 4: ಟೇಪ್ ಲೂಪ್

ಟೇಪಿನ ತುಂಡೊಂದರ ಎರಡು ತುದಿ ಅಂಟಿಸಿ ಬಳೆಯಂತೆ ಮಾಡಿದ್ದೇ ಲೂಪ್, ಅದೇ ಸದ್ದು ಸುತ್ತಿ ಸುತ್ತಿ ಬರುತ್ತದೆ. ಕತ್ತರಿ ಹಿಡಿಯುವ ಮೊದಲು ಒಂದು ಮಾತು. ನಮ್ಮ ಕಡೆಯ ಅಟ್ಟಗಳಲ್ಲಿ ತಾಳಮದ್ದಳೆ, ಯಕ್ಷಗಾನದ ಕ್ಯಾಸೆಟ್‌ಗಳು ರಾಶಿ ಬಿದ್ದಿವೆ. ಶೇಣಿಯವರ ಅರ್ಥ, ಕಾಳಿಂಗ ನಾವಡರ ಪದ್ಯ. ಅವುಗಳಲ್ಲಿ ಮನೆಯವರೇ ಬಯಲಾಟದ ಬದಿಯಲ್ಲಿ ಕೂತು ಹಿಡಿದದ್ದೂ ಇರಬಹುದು, ಅಂಥದ್ದಕ್ಕೆ ಬೇರೆ ಪ್ರತಿಯೇ ಇರುವುದಿಲ್ಲ. ಕ್ಯಾಸೆಟ್ ಮೇಲೆ ಏನೂ ಬರೆದಿಲ್ಲ ಎಂದು ಕತ್ತರಿಸಬೇಡಿ. ಎರಡೂ ಬದಿ ಹಾಕಿ ಕೇಳಿ. ಲೂಪಿಗೆ ಹಳೇ ಇಂಗ್ಲಿಷ್ ಸ್ಪೀಕಿಂಗ್ ಕೋರ್ಸಿನ ಕ್ಯಾಸೆಟ್ ಸಾಕು.

ಮೂಲೆಯಲ್ಲಿ ನಾಲ್ಕು, ನಡುವೆ ಒಂದು, ಹೀಗೆ ಐದು ಸ್ಕ್ರೂ ಇರುವ ಕ್ಯಾಸೆಟ್ ಆರಿಸಿ. ಅಂಟಿಸಿದ ಕ್ಯಾಸೆಟ್ ಬಿಚ್ಚಿದರೆ ಒಡೆಯುತ್ತದೆ. ಮ್ಯಾಗ್ನೆಟ್ ಇರುವ ಸ್ಕ್ರೂಡ್ರೈವರನ್ನು ಟೇಪಿನ ಹತ್ತಿರ ತರಬೇಡಿ, ‘ದಡ್’ ಎಂಬ ಸದ್ದು ಅಚ್ಚಾಗಿ ಕೂರುತ್ತದೆ. ಮೇಲಿನ ಮುಚ್ಚಳ ಎತ್ತಿ. ಮೂಲೆಯ ಎರಡು ಸಣ್ಣ ಉರುಳೆ, ನಡುವಿನ ಉಣ್ಣೆಯ ಮೆತ್ತೆ, ಜಾರುವ ತೆಳು ಹಾಳೆ ಇವು ಎಲ್ಲಿದ್ದವು ಎಂದು ಫೋಟೋ ತೆಗೆದಿಟ್ಟುಕೊಳ್ಳಿ. ಮೆತ್ತೆಯನ್ನು ಕೀಳಬೇಡಿ, ಟೇಪನ್ನು ಹೆಡ್ಡಿಗೆ, ಅಂದರೆ ಡೆಕ್ಕಿನಲ್ಲಿ ಸದ್ದು ಬರೆಯುವ, ಓದುವ ಭಾಗಕ್ಕೆ, ಒತ್ತುವುದೇ ಅದು.

ಕ್ಯಾಸೆಟ್ ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. 24 ಸೆಂಟಿಮೀಟರ್ ಕತ್ತರಿಸಿದರೆ ಸುಮಾರು 5 ಸೆಕೆಂಡಿನ ಲೂಪ್. ತುದಿಗಳನ್ನು ಓರೆಯಾಗಿ ಕತ್ತರಿಸಿ, ಒಂದರ ಮೇಲೊಂದು ಬಾರದಂತೆ ಸೇರಿಸಿ. ಅಂಟುಪಟ್ಟಿ ಒಳಬದಿಗೆ ಹಾಕಬೇಕು. ಕ್ಯಾಸೆಟ್ಟಿನಲ್ಲಿ ಹೊರಗೆ, ಹೆಡ್ಡಿನ ಕಡೆಗೆ ಮುಖ ಮಾಡಿದ್ದೇ ಸದ್ದು ಇರುವ ಬದಿ. ಅಲ್ಲಿ ಅಂಟು ತಾಗಬಾರದು. ಮಾಮೂಲಿ ಸೆಲ್ಲೋಟೇಪ್ ಬೇಡ. ನಮ್ಮ ಸೆಕೆಗೆ ಅದರ ಅಂಟು ಬದಿಯಿಂದ ಒಸರಿ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಟೇಪ್ ಜೋಡಿಸಲೆಂದೇ ಇರುವ ಸ್ಪ್ಲೈಸಿಂಗ್ ಟೇಪ್ ತರಿಸಿ, ಅಗಲ 4 ಮಿಲಿಮೀಟರಿಗಿಂತ ಕಡಿಮೆ ಇರಲಿ. ಲೂಪನ್ನು ಎರಡು ಉರುಳೆ ಮತ್ತು ಬಲಗಡೆಯ ಚಕ್ರದ ಸುತ್ತ ತಂದು ಮುಚ್ಚಳ ಹಾಕಿ. ಬಲಚಕ್ರ ತಿರುಗದಿದ್ದರೆ ಕೆಲವು ಡೆಕ್ಕುಗಳು ತಾವಾಗಿ ನಿಂತುಬಿಡುತ್ತವೆ. ಬಿಗಿಯಾದರೆ ಮೋಟಾರು ತಿಣುಕುತ್ತದೆ, ಸಡಿಲವಾದರೆ ಟೇಪ್ ಸಿಕ್ಕಿಕೊಳ್ಳುತ್ತದೆ. ಒಂದೆರಡು ಮಿಲಿಮೀಟರ್ ಅತ್ತಿತ್ತ ಮಾಡಿ ನೋಡಬೇಕಷ್ಟೆ, ಮೊದಲ ಸಲಕ್ಕೇ ಕೂರುವುದು ಅಪರೂಪ.

ಕತ್ತಲೆ ಹುಟ್ಟುವ ಜಾಗ ಇದೇ. ಮಾಮೂಲಿಯಾಗಿ ರೆಕಾರ್ಡ್ ಒತ್ತಿದರೆ ಎಡಬದಿಯ ಅಳಿಸುವ ಹೆಡ್ ಹಳೆಯದನ್ನು ಅಳಿಸುತ್ತದೆ, ಆಮೇಲೆ ನಡುವಿನ ಹೆಡ್ ಹೊಸದನ್ನು ಬರೆಯುತ್ತದೆ. ಅಳಿಸುವ ಹೆಡ್ಡಿನ ಮುಖಕ್ಕೆ ಟೇಪ್ ತಾಗದಂತೆ ತೆಳು ಅಂಟುಪಟ್ಟಿ ಎರಡು ಮೂರು ಪದರ ಅಂಟಿಸಿ. ಈಗ ಹಳೆಯದು ಉಳಿಯುತ್ತದೆ, ಹೊಸದು ಅದರ ಮೇಲೆ ಕೂರುತ್ತದೆ. ಪೂರ್ತಿ ಉಳಿಯುವುದಿಲ್ಲ. ರೆಕಾರ್ಡ್ ಮಾಡುವಾಗ ಹೆಡ್ಡಿಗೆ ಬಯಸ್ ಎಂಬ ಕಿವಿಗೆ ಕೇಳದ ವೇಗದ ಕರೆಂಟು ಹೋಗುತ್ತದೆ, ಅದು ಪ್ರತಿ ಸುತ್ತಿನಲ್ಲೂ ಹಳೆಯದನ್ನು ಒಂದಿಷ್ಟು ತಿನ್ನುತ್ತದೆ. ಮೊದಲು ಹೋಗುವುದು ಮೇಲಿನ ಚೂಪು. ಹಾರ್ಮೋನಿಯಂನ ಸ್ವರವನ್ನು ನಾಲ್ಕಾರು ಸುತ್ತು ಹೀಗೆ ಪೇರಿಸಿ ಕೇಳಿ. ರೀಡಿನ ಕಿರಿಕಿರಿ ಹೋಗಿ, ಗೋಡೆಯಾಚೆ ಏನೋ ಗುಂಯ್‌ಗುಡುವಂತೆ ಆಗಿರುತ್ತದೆ. ಯಾವ ಎಫೆಕ್ಟ್ ಪೆಟ್ಟಿಗೆಯೂ ಇದನ್ನು ಇಷ್ಟು ಸಲೀಸಾಗಿ ಕೊಡುವುದಿಲ್ಲ ಎಂಬುದು ನನ್ನ ನಂಬಿಕೆ. ಕಾಯಂ ಮ್ಯಾಗ್ನೆಟ್ ಇಟ್ಟ ಅಗ್ಗದ ರೆಕಾರ್ಡರ್‌ಗಳಲ್ಲಿ ಈ ಉಪಾಯ ಸರಿಯಾಗಿ ನಡೆಯುವುದಿಲ್ಲ, ಡೆಕ್ಕೇ ಬೇಕು.

ಹೆಡ್ಡನ್ನು ಆಗಾಗ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಒರೆಸಿ. ಟೇಪ್ ಮೇಲೆ ಬಿಳಿ ಬೂಷ್ಟು ಕಂಡರೆ ಅದನ್ನು ಡೆಕ್ಕಿಗೆ ಹಾಕಲೇಬೇಡಿ, ಬೂಷ್ಟು ಹೆಡ್ಡಿಗೂ ಆಮೇಲೆ ಉಳಿದ ಕ್ಯಾಸೆಟ್‌ಗಳಿಗೂ ದಾಟುತ್ತದೆ.

ಹಂತ 5: ಬೆರೆಸಿ, ಆದರೆ ಕೈ ಕಟ್ಟಿಕೊಂಡು

ನಾಲ್ಕು ಚಾನೆಲ್ ಸಾಕು ಎಂದಿದ್ದು ಬೇಕೆಂದೇ. ಒಂದರಲ್ಲಿ ಆಸಿಲೇಟರ್, ಒಂದರಲ್ಲಿ ಲೂಪ್, ಒಂದರಲ್ಲಿ ಪೀಜೊದಿಂದ ಹಿಡಿದದ್ದು, ಕೊನೆಯದರಲ್ಲಿ ರೇಡಿಯೊ. ಎಂಟು ಚಾನೆಲ್ ಇದ್ದರೆ ಎಂಟನ್ನೂ ತುಂಬಿಸುವ ಚಪಲ ಬರುತ್ತದೆ, ಎಲ್ಲ ಸೇರಿ ಕೆಸರಾಗುತ್ತದೆ.

ಒಂದು ಹಾಳೆ ತೆಗೆದುಕೊಂಡು ಎಡಗಡೆ 0ರಿಂದ 20ರ ತನಕ ನಿಮಿಷ ಬರೆಯಿರಿ. ಯಾವ ನಿಮಿಷದಲ್ಲಿ ಯಾವ ಗುಂಡಿ ಎಂದು ಮೊದಲೇ ತೀರ್ಮಾನ ಮಾಡಿ. ಒಂದು ಸಲಕ್ಕೆ ಒಂದೇ ಗುಂಡಿ. ಸೊನ್ನೆಯಿಂದ ಬೇಕಾದಲ್ಲಿಗೆ ಬರಲು ಎರಡು ನಿಮಿಷವಾದರೂ ಹಿಡಿಯಲಿ. ಗಡಿಯಾರ ಎದುರಿಗಿರಲಿ. ಅದಿಲ್ಲದೆ ಎರಡು ನಿಮಿಷ ಎಂದುಕೊಂಡು ಮಾಡಿದ್ದು ಇಪ್ಪತ್ತೇ ಸೆಕೆಂಡಿನಲ್ಲಿ ಮುಗಿದಿರುತ್ತದೆ, ನುಡಿಸುವವರಿಗೆ ಹೊತ್ತು ಬೇರೆ ರೀತಿ ಓಡುತ್ತದೆ.

ಹೊಸ ಸದ್ದನ್ನು ಖಾಲಿ ಜಾಗಕ್ಕೆ ತರಬೇಡಿ. ಬೀಟ್ ಉಬ್ಬಿದ ಹೊತ್ತಲ್ಲಿ, ಅದರ ಮರೆಯಲ್ಲಿ ತನ್ನಿ. ಕೇಳುವವರಿಗೆ ಅದು ಬಂದದ್ದು ಗೊತ್ತಾಗಬಾರದು. ಬಂದು ಆಗಿದೆ ಎಂಬುದು ಮಾತ್ರ ಆಮೇಲೆ ಗೊತ್ತಾಗಬೇಕು. ತೆಗೆಯುವಾಗಲೂ ಹೀಗೇ. ಮಂಪರು ಬರುವುದೆಲ್ಲ ಈ ಒಂದು ಉಪಾಯದಿಂದ.

ಬೇಸರ ಬಂದು ಗುಂಡಿ ತಿರುಗಿಸಬೇಡಿ. ಬೇಸರ ಬಂದದ್ದು ನಿಮಗೆ, ಮೊದಲ ಸಲ ಕೇಳುವವರಿಗಲ್ಲ. ಪ್ರತಿಧ್ವನಿ, ರಿವರ್ಬ್ ಅಂದರೆ ದೊಡ್ಡ ಹಾಲಿನ ಗುಂಗು, ಇದನ್ನು ಎಲ್ಲದಕ್ಕೂ ಸುರಿದರೆ ಎಲ್ಲವೂ ಒಂದೇ ದೂರದಲ್ಲಿ ಕೇಳುತ್ತದೆ. ರೇಡಿಯೊಗೆ ಒಂಚೂರು ಹಾಕಿ, ಆಸಿಲೇಟರನ್ನು ಒಣಗಿದ್ದ ಹಾಗೇ ಬಿಡಿ.

ಕಿವಿ ನೋಡಿಕೊಳ್ಳಿ. ತಗ್ಗು ಸ್ವರ ಜೋರಾಗಿದ್ದರೂ ಜೋರು ಅನ್ನಿಸುವುದಿಲ್ಲ, ಹಾಗಾಗಿ ವಾಲ್ಯೂಮ್ ಏರುತ್ತಲೇ ಹೋಗುತ್ತದೆ. ಪಕ್ಕದ ಮನೆಯವರ ಗೋಡೆಯನ್ನೂ ಅದು ಸುಲಭವಾಗಿ ದಾಟುತ್ತದೆ ಎಂಬುದು ನೆನಪಿರಲಿ.

ಹಂತ 6: ಕಂಪ್ಯೂಟರಿಗೆ ಹಿಡಿಯುವುದು

ರೆಕಾರ್ಡಿಂಗ್ ಸೆಟ್ಟಿಂಗ್ 24 ಬಿಟ್, 48 ಕಿಲೊಹರ್ಟ್ಜ್ ಇರಲಿ. ಮೀಟರಿನ ಮುಳ್ಳು ಅತಿ ಜೋರಿನಲ್ಲೂ ಮೈನಸ್ 12 ಡೆಸಿಬೆಲ್ ದಾಟದಿರಲಿ. ಬೀಟುಗಳೆಲ್ಲ ಒಮ್ಮೆಗೇ ಉಬ್ಬಿದಾಗ ಸದ್ದು ನೀವೆಣಿಸಿದ್ದಕ್ಕಿಂತ ಏರುತ್ತದೆ, ಅದಕ್ಕೆ ಜಾಗ ಬಿಟ್ಟಿರಬೇಕು.

ಹಮ್ ಷಡ್ಜದೊಂದಿಗೆ ಕೂಡಿದ್ದರೂ ಅತಿಯಾದರೆ ಉಳಿದದ್ದೆಲ್ಲ ಮುಚ್ಚಿಹೋಗುತ್ತದೆ. ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ, ಅರ್ಧ ಹಮ್ ಅಲ್ಲೇ ಹೋಗಬಹುದು. ಎಲ್ಲ ಸಾಮಾನಿಗೂ ಒಂದೇ ಬೋರ್ಡಿನಿಂದ ಕರೆಂಟು ಕೊಡಿ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಡಿಮ್ಮರ್ ಆಫ್ ಮಾಡಿ. ಕರೆಂಟು ಹೋಗಿ ಮನೆ ಇನ್‌ವರ್ಟರಿನಲ್ಲಿದ್ದರೆ ರೆಕಾರ್ಡಿಂಗ್ ಬೇಡ. ಚೌಕ ಅಲೆಯ ಇನ್‌ವರ್ಟರುಗಳ ಗರಗರ ಯಾವ ಶ್ರುತಿಗೂ ಕೂಡುವುದಿಲ್ಲ. ಇನ್ನು, ಹಮ್ ಹೋಗುತ್ತದೆ ಎಂದು ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಪಿನ್ ಕತ್ತರಿಸಲು ಯಾರಾದರೂ ಹೇಳಿದರೆ ಕೇಳಬೇಡಿ. ಹಮ್ ಹೋಗಬಹುದು, ಒದ್ದೆ ನೆಲದಲ್ಲಿ ನಿಂತು ಮಿಕ್ಸರ್ ಮುಟ್ಟಿದಾಗ ಜೀವವೂ ಹೋಗಬಹುದು.

ಹಂತ 7: ಆರಿಸಿ, ಜೋಡಿಸಿ

ಹಿಡಿದದ್ದನ್ನು ವಾರ ಬಿಟ್ಟು ಕೇಳಿ. ಬೇರೆ ಕೆಲಸ ಮಾಡುತ್ತ ಒಮ್ಮೆ, ಕತ್ತಲಲ್ಲಿ ಮಲಗಿಕೊಂಡು ಒಮ್ಮೆ. ಎಲ್ಲಿ ಮೊಬೈಲ್ ನೋಡಬೇಕು ಅನ್ನಿಸಿತೋ ಆ ನಿಮಿಷ ಗುರುತು ಹಾಕಿ. ಅಲ್ಲಿ ಬದಲಾವಣೆ ಸಾಲದೆ ಹೋಗಿರುವುದಕ್ಕಿಂತ, ಬದಲಾವಣೆ ಸಿಕ್ಕಿಬಿದ್ದಿರುವುದೇ ಹೆಚ್ಚು.

ಆಲ್ಬಮಿಗೆ 40 ನಿಮಿಷ ಧಾರಾಳ. 20 ನಿಮಿಷದ ಎರಡು, ಇಲ್ಲವೇ 10ರ ಎರಡು ಮತ್ತು 20ರ ಒಂದು. ಎಲ್ಲಕ್ಕೂ ಅದೇ ಷಡ್ಜ ಇರಲಿ. ಒಂದು ಮುಗಿದು ಇನ್ನೊಂದು ಶುರುವಾಗುವಲ್ಲಿ ಶ್ರುತಿ ಬದಲಾದರೆ ಕೂತಲ್ಲಿಂದ ಎಬ್ಬಿಸಿದಂತೆ ಆಗುತ್ತದೆ.

ಮಾಸ್ಟರಿಂಗ್ ಅಂದರೆ ಕೊನೆಯ ಹದ. ಇಲ್ಲಿ ಮಾಡುವುದು ಸ್ವಲ್ಪವೇ. 30 ಹರ್ಟ್ಜ್‌ನಿಂದ ಕೆಳಗಿನದನ್ನು ಕತ್ತರಿಸಿ, ಅದು ಸ್ಪೀಕರಿಗೆ ಭಾರ, ಕಿವಿಗೆ ಹೆಚ್ಚುಕಡಿಮೆ ಕೇಳುವುದಿಲ್ಲ. ತಗ್ಗು ಸ್ವರಗಳು ಎಡಬಲ ಹರಡದೆ ನಡುವಿನಲ್ಲಿರಲಿ. ಸಿನಿಮಾ ಹಾಡಿನಂತೆ ಜೋರು ಮಾಡಲು ಕಂಪ್ರೆಸರ್ (ಸದ್ದಿನ ಏರಿಳಿತ ತಗ್ಗಿಸುವ ಎಫೆಕ್ಟ್) ಹಾಕಿದರೆ ಬೀಟಿನ ಉಸಿರೇ ಚಪ್ಪಟೆ ಆಗುತ್ತದೆ. ಮೊಬೈಲ್ ಸ್ಪೀಕರಿನಲ್ಲಿ 100 ಹರ್ಟ್ಜ್ ಹೆಚ್ಚುಕಡಿಮೆ ಕೇಳುವುದೇ ಇಲ್ಲ. ಆಸಿಲೇಟರಿನ ಒಂದು ಫಿಲ್ಟರ್ ತೆಗೆದು ಮೇಲಿನ ಅಂಶ ಒಂಚೂರು ಬಿಟ್ಟರೆ ಅಲ್ಲೂ ಸ್ವರದ ಸುಳಿವು ಸಿಗುತ್ತದೆ.

ಹಂತ 8: ಹೊರಗೆ ಬಿಡುವುದು

ಹಾಡು ಕೇಳಿಸುವ ಆ್ಯಪ್‌ಗಳಿಂದ ದುಡ್ಡಿನ ಆಸೆ ಬೇಡ. ಸ್ಪಾಟಿಫೈನಲ್ಲಿ 30 ಸೆಕೆಂಡು ಕೇಳಿದರೆ ಒಂದು ಲೆಕ್ಕ. 20 ನಿಮಿಷದ ಡ್ರೋನಿಗೂ 2 ನಿಮಿಷದ ಹಾಡಿಗೂ ಅದೇ ಒಂದು. ಬ್ಯಾಂಡ್‌ಕ್ಯಾಂಪ್‌ನಲ್ಲಿ ಬೆಲೆ ನೀವೇ ಇಡಬಹುದು, ಡಿಜಿಟಲ್ ಮಾರಾಟದಲ್ಲಿ ನೂರಕ್ಕೆ 15 ಅವರು ಇಟ್ಟುಕೊಳ್ಳುತ್ತಾರೆ. ಈ ಬಗೆಯ ಸಂಗೀತ ಕೊಂಡು ಕೇಳುವವರು ಅಲ್ಲಿದ್ದಾರೆ. ಎಂಪಿ3 ಅಲ್ಲ, ವೇವ್ ಅಥವಾ ಫ್ಲ್ಯಾಕ್ ಫೈಲ್ ಏರಿಸಿ.

ಕ್ಯಾಸೆಟ್ಟೂ ಮಾಡುವುದಾದರೆ ಹೊಸ ಖಾಲಿ ಕ್ಯಾಸೆಟ್ ಹೊರದೇಶದಿಂದ ತರಿಸಬೇಕಾಗುತ್ತದೆ. ಬೆಲೆಗಿಂತ ಸಾಗಣೆ ಮತ್ತು ಕಸ್ಟಮ್ಸ್ ಲೆಕ್ಕ ಹಾಕಿ ಆರ್ಡರ್ ಮಾಡಿ. ಸಿ60 ಅಂದರೆ ಬದಿಗೆ 30 ನಿಮಿಷ, 20 ನಿಮಿಷದ ಕೃತಿಗೆ ಹತ್ತು ನಿಮಿಷ ಖಾಲಿ ಉಳಿಯುತ್ತದೆ. ಆ ಹತ್ತು ನಿಮಿಷಕ್ಕೆ ರೇಡಿಯೊದ ಮೊರೆತ ಒಂದನ್ನೇ ಹಾಕಿದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಮನೆಯಲ್ಲಿ ಪ್ರತಿ ಮಾಡುವಾಗ ಓಡುವಷ್ಟೇ ಹೊತ್ತು ಹಿಡಿಯುತ್ತದೆ, ಒಂದು ಕ್ಯಾಸೆಟ್ಟಿಗೆ ಒಂದು ಗಂಟೆ. ಇಪ್ಪತ್ತು ಮಾಡುತ್ತೇನೆ ಎಂದು ಮಾತು ಕೊಡುವ ಮೊದಲು ಇದನ್ನು ಗುಣಿಸಿ ನೋಡಿ.

ಮೂಲ ಲೂಪ್‌ಗಳನ್ನು ಬಿಸಾಡಬೇಡಿ. ಕ್ಯಾಸೆಟ್ ಮೇಲೆ ಷಡ್ಜದ ಹರ್ಟ್ಜ್, ತಾರೀಕು, ಪ್ಲೇಯರ್ ಯಾವುದು ಎಂದು ಬರೆದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬಣ್ಣ ಬದಲಿಸುವ ಜಾತಿಯ ಜೆಲ್ ಸಿಕ್ಕಿದರೆ ಒಳ್ಳೆಯದು, ತೇವ ಹೀರಿ ಮುಗಿದದ್ದು ಕಣ್ಣಿಗೇ ಗೊತ್ತಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ತಿಂಗಳಿಗೊಮ್ಮೆ ಡಬ್ಬಿ ತೆರೆದು ಜೆಲ್ ನೋಡಿ. ತೆರೆಯುವುದು ಮಳೆ ಬಿಟ್ಟ ದಿನವೇ ಆಗಲಿ.